ನೋಟ್‌ಬುಕ್ ಹಿಡಿದು ಸಭೆಗೆ ಬನ್ನಿ

ಇವತ್ತಿನ ನನ್ನ ಮಾತು ಮುಖ್ಯವಾಗಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಉತ್ತರ ಕರ್ನಾಟಕದ ಮಕ್ಕಳು ಬಾಯಿ ತುಂಬ ಕರೆಯುವ ಅಕ್ಕೋರಿಗೆ. ಮಕ್ಕಳನ್ನು ಶಾಲೆಗೆ ಕಳಿಸುವ ತಂದೆ ತಾಯಂದಿರೂ ಕೇಳಿಸಿಕೊಂಡರೆ ಒಳ್ಳೆಯದು. ಯಾಕೆಂದರೆ ನಾನು ಹೇಳಬೇಕಾದದ್ದರಲ್ಲಿ ಅವರಿಗೂ ಒಂದು ಕೆಲಸವಿದೆ.

ನಮ್ಮ ಶಿಕ್ಷಕರಿಗೆ ತರಬೇತಿ ಕಡಿಮೆಯಾಗಿಲ್ಲ. ರಾಜ್ಯ ಮಟ್ಟದಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಯವರಿಗೆ, ಜಿಲ್ಲೆಯವರಿಂದ ತಾಲ್ಲೂಕಿನ ಸಂಪನ್ಮೂಲ ವ್ಯಕ್ತಿಗಳಿಗೆ, ಕೊನೆಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿ.ಆರ್.ಸಿ.) ಸಭಾಂಗಣದಲ್ಲಿ ಕೂತ ಶಿಕ್ಷಕರಿಗೆ ಅದು ಇಳಿದು ಬರುತ್ತದೆ. ವೈಕಲ್ಯವಿರುವ ಮಕ್ಕಳನ್ನೂ ಒಳಗೊಳ್ಳುವ ಸಮನ್ವಯ ಶಿಕ್ಷಣದ ತರಬೇತಿಯೂ ಹೀಗೆಯೇ ಬರುತ್ತದೆ. ಕಾಯ್ದೆ ಯಾವುದು, ಅಂಗವೈಕಲ್ಯದಲ್ಲಿ ಎಷ್ಟು ವಿಧ, ಯಾವ ಸವಲತ್ತಿಗೆ ಯಾವ ನಮೂನೆ ಎಂದು ಶಿಕ್ಷಕಿ ಶ್ರದ್ಧೆಯಿಂದ ಬರೆದುಕೊಳ್ಳುತ್ತಾರೆ. ತರಬೇತಿಗೆ ಹಾಜರಾದುದರ ಓ.ಓ.ಡಿ. ಪತ್ರ ತೆಗೆದುಕೊಂಡು ಊರಿಗೆ ಮರಳುತ್ತಾರೆ. ಮಾರನೆಯ ದಿನ ಮೂರನೇ ತರಗತಿಯೊಳಗೆ ಕಾಲಿಟ್ಟಾಗ ಅಲ್ಲಿ ಕೂತಿರುವುದು ಅಂಗವೈಕಲ್ಯದ ವಿಧವಲ್ಲ, ಒಂದು ಮಗು. ಕೂಗಿದರೆ ಒಮ್ಮೊಮ್ಮೆ ತಿರುಗುತ್ತದೆ, ಒಮ್ಮೊಮ್ಮೆ ತಿರುಗುವುದಿಲ್ಲ. ಕತೆ ಹೇಳಿದರೆ ನಗುತ್ತದೆ, ಆದರೆ ಪಕ್ಕದವರು ನಕ್ಕ ಮೇಲೆ. ಆ ಮಗುವಿಗಾಗಿ ಇವತ್ತು ಮೊದಲ ಪಿರಿಯಡ್‌ನಲ್ಲಿ ಏನು ಮಾಡಬೇಕು? ಬರೆದುಕೊಂಡ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಸ್ಪಷ್ಟವಾಗಿದೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಲ್ಲ ಮಕ್ಕಳಿಗೂ ನೆರೆಯ ಶಾಲೆಯ ಬಾಗಿಲು ತೆರೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏಳಿದ್ದ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ವೈಕಲ್ಯ ಇರುವ ಮತ್ತು ಇಲ್ಲದ ಮಕ್ಕಳು ಜೊತೆಗೆ ಕಲಿಯಬೇಕು, ಅದಕ್ಕೆ ತಕ್ಕಂತೆ ಕಲಿಸುವ ರೀತಿಯೇ ಬದಲಾಗಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಈ ಎರಡನೆಯ ಅರ್ಧವನ್ನು ನಾವು ಬಹಳ ಸಲ ಓದದೆ ಬಿಡುತ್ತೇವೆ. ಮಗುವಿನ ಹೆಸರು ದಾಖಲಾತಿ ಪುಸ್ತಕದಲ್ಲಿದೆ, ರ‍್ಯಾಂಪ್ ಕಟ್ಟಿದ್ದೇವೆ, ಇನ್ನೇನು ಬೇಕು ಎಂದು ಕೇಳುತ್ತೇವೆ. ಕಲಿಸುವ ರೀತಿ ಬದಲಾಗಬೇಕು, ಬೇಕಾಗಿರುವುದು ಅದು.

ಕಲಿಸುವ ರೀತಿ ಎಲ್ಲಿ, ಹೇಗೆ ಬದಲಾಗುತ್ತದೆ? ಒಂದು ಸಾಮಾನ್ಯ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಮೂರನೇ ತರಗತಿಯ ಒಂದು ಹುಡುಗಿಯ ಉಕ್ತಲೇಖನದ ಪುಸ್ತಕ ಎಂದುಕೊಳ್ಳಿ. ಮೇಡಂ ‘ಮರ’ ಎಂದಿದ್ದಾರೆ, ಅವಳು ‘ಬರ’ ಎಂದು ಬರೆದಿದ್ದಾಳೆ. ‘ಪಾಠ’ ಎನ್ನುವಲ್ಲಿ ‘ಮಾಠ’ ಎಂದಿದೆ. ‘ಮರದಲ್ಲಿ ಹಕ್ಕಿ ಇದೆ’ ಎಂಬ ವಾಕ್ಯ ‘ಮರ ಹಕ್ಕಿ’ ಎಂದು ನಿಂತುಬಿಟ್ಟಿದೆ. ಪುಟದ ತುಂಬ ಕೆಂಪು ಗುರುತು, ಕೆಳಗೆ ‘ಗಮನವಿಟ್ಟು ಬರೆ’ ಎಂಬ ಸೂಚನೆ.

ಈ ಪುಟವನ್ನು ಇನ್ನೊಮ್ಮೆ ನೋಡಿ. ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ ‘ಮರ’, ‘ಬರ’, ‘ಪರ’ ಎಂದು ತುಟಿ ಆಡಿಸಿ. ಮೂರೂ ಒಂದೇ ಥರ ಕಾಣುತ್ತವೆ. ಮ, ಬ, ಪ ಮೂರಕ್ಕೂ ತುಟಿ ಮುಚ್ಚಿ ತೆರೆಯುತ್ತದೆ, ವ್ಯತ್ಯಾಸ ಇರುವುದು ಕಿವಿಗೆ ಬೀಳುವ ದನಿಯಲ್ಲಿ ಮಾತ್ರ. ಈ ಹುಡುಗಿ ಮೇಡಂ ಅವರ ತುಟಿಯನ್ನು ನೋಡಿ ಬರೆಯುತ್ತಿದ್ದಾಳೆ! ಇನ್ನು ‘ಅಲ್ಲಿ’, ‘ಇಂದ’, ‘ಅನ್ನು’ ಎಂಬ ಪ್ರತ್ಯಯಗಳು ಪದದ ಕೊನೆಯಲ್ಲಿ ಮೆಲ್ಲಗೆ ಬರುವಂಥವು. ಅರ್ಧ ಕೇಳುವ ಕಿವಿಗೆ ಮೊದಲು ತಪ್ಪಿಹೋಗುವುದು ಅವೇ. ಹಾಗಾಗಿ ಅವಳ ವಾಕ್ಯದಲ್ಲಿ ಮರವಿದೆ, ಹಕ್ಕಿಯಿದೆ, ವಿಭಕ್ತಿಯಿಲ್ಲ. ಅವಳ ಗಮನದಲ್ಲಿ ಲೋಪವಿಲ್ಲ. ತರಗತಿಯ ಬೇರೆಲ್ಲರಿಗಿಂತ ಹೆಚ್ಚು ಗಮನವಿಟ್ಟು ಬರೆಯುತ್ತಿರುವವಳು ಬಹುಶಃ ಅವಳೇ.

ಇದು ಹುಟ್ಟಿನಿಂದ ಬಂದ ಕಿವುಡೇ ಆಗಬೇಕೆಂದಿಲ್ಲ. ಹಳ್ಳಿಯ ಮಕ್ಕಳಲ್ಲಿ ಕಿವಿ ಸೋರುವುದು ಸಾಮಾನ್ಯ ತೊಂದರೆ. ನೆಗಡಿ ಬಂದಾಗಲೆಲ್ಲ ಕಿವಿ ಕಟ್ಟಿ, ಸೋರಿ, ಕೇಳುವಿಕೆ ಒಂದಷ್ಟು ದಿನ ಇಳಿದು ಮತ್ತೆ ಏರುತ್ತದೆ. ಅದಕ್ಕೇ ಮಗು ಒಂದು ವಾರ ಚುರುಕು, ಇನ್ನೊಂದು ವಾರ ಮಂಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಚಿಕಿತ್ಸೆ ಶುರು ಮಾಡಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಈ ನೋಟ್‌ಬುಕ್ಕನ್ನು ವೈದ್ಯರ ಕೈಗೆ ಕೊಡಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ಸಂಸ್ಥೆ ನಮ್ಮ ನಾಡಿನಲ್ಲೇ ಇರುವುದು ಕನ್ನಡದ ಮಕ್ಕಳ ಭಾಗ್ಯ.

ಆದರೆ ಪರೀಕ್ಷೆಗೆ ದಿನ ಸಿಗುವವರೆಗೆ ತರಗತಿ ಕಾಯುತ್ತ ಕೂರಬೇಕಾಗಿಲ್ಲ. ಕಿಟಕಿಗೆ ಬೆನ್ನು ಹಾಕಿ ನಿಂತು ಪಾಠ ಮಾಡಬೇಡಿ. ಬೆಳಕು ಹಿಂದಿನಿಂದ ಬಂದರೆ ನಿಮ್ಮ ಮುಖ ಮಗುವಿಗೆ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ಬೋರ್ಡಿಗೆ ಮುಖ ಮಾಡಿ ಬರೆಯುವಾಗ ಮಾತಾಡಬೇಡಿ. ಬರೆಯಿರಿ, ತಿರುಗಿ, ಆಮೇಲೆ ಹೇಳಿ. ದನಿ ಏರಿಸಿ ಕೂಗಿದರೆ ತುಟಿಯ ಆಕಾರ ಕೆಡುತ್ತದೆ, ಸಹಜವಾಗಿ, ಕೊಂಚ ನಿಧಾನವಾಗಿ ಆಡಿದರೆ ಸಾಕು. ಹಿಂದಿನ ಸಾಲಿನ ಹುಡುಗ ಉತ್ತರ ಹೇಳಿದರೆ ಅದನ್ನು ನೀವು ಇನ್ನೊಮ್ಮೆ ಹೇಳಿ. ಮಗುವಿಗೆ ಶ್ರವಣ ಸಾಧನ ಬಂದಿದ್ದರೆ ಅದು ಚೆನ್ನಾಗಿ ಕೆಲಸ ಮಾಡುವುದು ಒಂದೆರಡು ಮೀಟರ್ ಒಳಗೆ, ಆದ್ದರಿಂದ ನೀವು ಹತ್ತಿರ ಹೋಗಿ. ತಗಡಿನ ಮಾಡಿನ ಶಾಲೆಯಲ್ಲಿ ಮಳೆ ಹೊಯ್ಯುವಾಗ ಶ್ರವಣ ಸಾಧನಕ್ಕೆ ಮಳೆಯೊಂದೇ ಕೇಳುತ್ತದೆ. ಆ ಹೊತ್ತು ಓದಿಸಿ, ಚಿತ್ರ ಬರೆಸಿ, ಬಾಯಿಪಾಠ ಬೇಡ. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಾಗಿಲ್ಲ. ಎಲ್ಲವೂ ಇಡೀ ತರಗತಿಗೆ ಒಳ್ಳೆಯದೇ.

ಇನ್ನೊಂದು ನೋಟ್‌ಬುಕ್. ಇದರಲ್ಲಿ ಬೋರ್ಡಿನಿಂದ ಇಳಿಸಿಕೊಂಡ ಪಾಠದ ತಪ್ಪುಗಳೆಲ್ಲ ಪಕ್ಕದ ಹುಡುಗನ ತಪ್ಪುಗಳೇ, ಅಕ್ಷರಕ್ಕೆ ಅಕ್ಷರ. ನಕಲು ಮಾಡಿದ್ದಾನೆ ಎಂದು ಬೈಯುವ ಮೊದಲು ಅವನಿಗೆ ಬೋರ್ಡ್ ಕಾಣುತ್ತಿದೆಯೇ ಎಂದು ನೋಡಬೇಕು. ಹೊಳೆಯುವ ಬೋರ್ಡಿನ ಮೇಲೆ ಬಿಸಿಲು ಬಿದ್ದರೆ ಮೂಲೆಯ ಸಾಲಿಗೆ ಏನೂ ಕಾಣುವುದಿಲ್ಲ, ಮಂದದೃಷ್ಟಿಯ ಮಗುವಿಗಂತೂ ನೆರಳಿನಲ್ಲೂ ಕಷ್ಟ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ರೂಢಿ ಮಾಡಿಕೊಂಡ ಶಿಕ್ಷಕರ ತರಗತಿಯಲ್ಲಿ ಇಂಥ ಮಗು ಅರ್ಧ ಕಷ್ಟದಿಂದ ಪಾರಾಗುತ್ತದೆ.

ಮೂರನೆಯ ನೋಟ್‌ಬುಕ್ ಎಲ್ಲಕ್ಕಿಂತ ಕಠಿಣ. ಐದನೇ ತರಗತಿಯ ಹುಡುಗ. ಮಾತಿನಲ್ಲಿ ಚುರುಕು, ಸಂತೆಯ ಲೆಕ್ಕ ಬಾಯಲ್ಲೇ ಹೇಳುತ್ತಾನೆ, ಓದು ಮಾತ್ರ ಬರುವುದಿಲ್ಲ. ಇಲ್ಲಿ ನಮ್ಮ ಲಿಪಿಯ ಸ್ವಭಾವ ತಿಳಿದಿರಬೇಕು. ವರ್ಣಮಾಲೆಯ ಅಕ್ಷರ 49 ಎಂದು ಹೇಳುತ್ತೇವೆ. 34 ವ್ಯಂಜನಗಳಿಗೆ ಕಾಗುಣಿತ ಹಾಕಿದರೆ ಐನೂರು ದಾಟುತ್ತದೆ, ಒತ್ತಕ್ಷರ ಸೇರಿದರೆ ಇನ್ನೂ ಬೆಳೆಯುತ್ತದೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸಂಗತಿ ತೋರಿಸುತ್ತದೆ: ಕನ್ನಡದ ಅಕ್ಷರ ಬಳಗ ಮಗುವಿನ ಕೈವಶವಾಗಲು ಒಂದೆರಡು ವರ್ಷ ಸಾಲದು, ಆ ಕೆಲಸ ಮೂರನೇ, ನಾಲ್ಕನೇ ತರಗತಿಗೂ ಮುಂದುವರಿಯುತ್ತದೆ. ಅಂದರೆ ಮೂರನೇ ತರಗತಿಯಲ್ಲಿ ತಡವರಿಸುವ ಪ್ರತಿ ಮಗುವಿಗೂ ಕಲಿಕಾ ನ್ಯೂನತೆ ಇದೆ ಎಂದು ಹಣೆಪಟ್ಟಿ ಹಚ್ಚುವುದು ತಪ್ಪು. ಐದನೇ ತರಗತಿಯಲ್ಲೂ ‘ಅಕ್ಕ’ನನ್ನು ‘ಅಕ’ ಎಂದು ಓದುವ, ಪ-ಷ, ವ-ಮ ಬಿಡಿಸಲಾರದ ಮಗುವನ್ನು ದೊಡ್ಡವನಾದ ಮೇಲೆ ಸರಿಹೋಗುತ್ತಾನೆ ಎಂದು ಬಿಟ್ಟುಬಿಡುವುದೂ ತಪ್ಪು. ಎರಡರ ನಡುವಿನ ಗೆರೆ ಗುರುತಿಸಲು ಮಗುವಿನ ಎರಡು ಮೂರು ತಿಂಗಳ ಬರಹ ಒಟ್ಟಿಗೆ ಕಣ್ಣ ಮುಂದಿರಬೇಕು. ಅದನ್ನು ನೋಡಲು ಜೊತೆಗೆ ಇನ್ನೊಬ್ಬರು ಬೇಕು.

ಆ ಇನ್ನೊಬ್ಬರು ಯಾರು ಎನ್ನುವುದೇ ಇವತ್ತು ನಾನು ಹೇಳಲು ಬಂದ ವಿಷಯ. ಶಿಕ್ಷಕರ ವೃತ್ತಿ ಬೆಳವಣಿಗೆ ಸಭಾಂಗಣದಲ್ಲಿ ತರಬೇತಿ ಮಾಡ್ಯೂಲ್‌ನಿಂದ ಶುರುವಾಗಿ ಮಗುವಿನ ಕಡೆಗೆ ಬರಬಾರದು. ಮಗುವಿನ ನೋಟ್‌ಬುಕ್ಕಿನಿಂದ ಶುರುವಾಗಿ, ಅದು ಬೇಡಿದಾಗ ಮಾಡ್ಯೂಲಿನ ಕಡೆಗೆ ಹೋಗಬೇಕು. ಜೊತೆಯಲ್ಲಿ ಪಕ್ಕದ ಊರಿನ ಶಿಕ್ಷಕರಿರಬೇಕು.

ನಮ್ಮ ನಾಡಿನಲ್ಲಿ ಇದು ಒಮ್ಮೆ ನಡೆದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿಯ ಬಹುದರ್ಜೆ ಶಾಲೆಗಳಿಗಾಗಿ ಕಲಿಕಾ ಏಣಿ, ಕಾರ್ಡುಗಳ ಪದ್ಧತಿಯನ್ನು ರೂಪಿಸಿದ್ದರು. ಕೋಟೆಯ ಶಿಕ್ಷಕರು ಅದನ್ನು ನೋಡಿ ಬಂದರು. ಯುನಿಸೆಫ್ ಬೆಂಬಲವೂ ಇತ್ತು. ತಮ್ಮ ಕಾಡಂಚಿನ ಶಾಲೆಗಳಿಗೆ, ಜೇನುಕುರುಬರ ಹಾಡಿಯಿಂದ ಬರುವ ಮಕ್ಕಳಿಗೆ ಯಾವುದು ಹೊಂದುತ್ತದೆ ಎಂದು ತಾವೇ ಕೂತು ಚರ್ಚಿಸಿ, ಕಾರ್ಡುಗಳನ್ನು ತಾವೇ ಬರೆದರು, ಚಿತ್ರ ತಾವೇ ಬಿಡಿಸಿದರು. ಅದೇ ನಲಿ-ಕಲಿ. ನನ್ನ ದೃಷ್ಟಿಯಲ್ಲಿ ಕರ್ನಾಟಕ ಕಂಡ ಅತ್ಯುತ್ತಮ ಶಿಕ್ಷಕ ತರಬೇತಿ ಅದು. ಅದಕ್ಕೆ ತರಬೇತಿ ಎಂಬ ಹೆಸರು ಇರಲಿಲ್ಲ, ಅಷ್ಟೇ.

ನಲಿ-ಕಲಿಯ ಒಳಗೆ ಸಮನ್ವಯದ ಬೀಜ ಇತ್ತು. ಅಲ್ಲಿ ಇಡೀ ತರಗತಿ ಒಂದೇ ಪುಟದಲ್ಲಿರುವುದಿಲ್ಲ. ಪ್ರತಿ ಮಗುವೂ ಏಣಿಯ ತನ್ನ ಮೆಟ್ಟಿಲಲ್ಲಿ ಇರುತ್ತದೆ. ಶಿಕ್ಷಕರ ಪೂರ್ತಿ ನೆರವು ಬೇಕಾದವರು ಒಂದು ಗುಂಪಿನ ತಟ್ಟೆಯ ಸುತ್ತ, ಗೆಳೆಯರ ನೆರವಿನಿಂದ ಕಲಿಯುವವರು ಇನ್ನೊಂದರ ಸುತ್ತ, ತಾವೇ ಕಲಿಯುವವರು ಮತ್ತೊಂದರ ಸುತ್ತ ಕೂರುತ್ತಾರೆ. ಗೈರುಹಾಜರಾಗಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಗುಳೆ ಹೋಗಿ ಬಂದ ಕುಟುಂಬದ ಮಗುವಿಗೂ, ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೂ, ಬೌದ್ಧಿಕ ಬೆಳವಣಿಗೆ ನಿಧಾನವಾದ ಮಗುವಿಗೂ ಇದರಿಂದ ಉಸಿರಾಡಲು ಜಾಗ ಸಿಗುತ್ತದೆ.

2009-10ರಲ್ಲಿ ಇದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಕಾರ್ಡುಗಳು ಅಚ್ಚಾಗಿ ಬಂದವು. ಹರಡಿದ್ದು ಸರಿಯಾದ ಹೆಜ್ಜೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಕಾರ್ಡ್ ತಯಾರಿಸುತ್ತ ಕೋಟೆಯ ಶಿಕ್ಷಕರು ಕಲಿತದ್ದನ್ನು, ಅಚ್ಚಾದ ಕಾರ್ಡ್ ಕೈಗೆ ಸಿಕ್ಕ ಶಿಕ್ಷಕರು ಕಲಿಯುವ ಅವಕಾಶ ಕಳೆದುಕೊಂಡರು. ಕಣ್ಣು ಕಾಣದ ಮಗುವಿಗೆ ಅಚ್ಚಿನ ಕಾರ್ಡ್ ಬರೀ ನುಣುಪು ಹಾಳೆ. ಅದರ ಮೇಲಿನ ಅಕ್ಷರದ ಗೆರೆಗೆ ಅಂಟು ಸವರಿ ಮರಳು ಉದುರಿಸಿದರೆ ಅಕ್ಷರ ಬೆರಳಿಗೆ ಸಿಗುತ್ತದೆ. ಬ್ರೈಲ್ ಕಲಿಯುವ ಮೊದಲು ಬೆರಳು ಪಳಗಲೂ ಇದು ಒಳ್ಳೆಯ ದಾರಿ. ಕಾರ್ಡನ್ನು ಮುಟ್ಟಿ, ಬದಲಿಸಿ, ಹೊಸದು ಸೇರಿಸಿ, ಇದು ನಿಮ್ಮದೇ ಎಂದು ಶಿಕ್ಷಕರಿಗೆ ಯಾರಾದರೂ ಹೇಳಬೇಕಿತ್ತು.

ಇನ್ನೊಂದು ಕೊರಗು ನಾಲ್ಕನೇ ತರಗತಿಯದು. ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ ತನ್ನ ಮೆಟ್ಟಿಲಲ್ಲಿ ನೆಮ್ಮದಿಯಾಗಿದ್ದ ಮಗು ನಾಲ್ಕನೆಯದಕ್ಕೆ ಬಂದ ದಿನ ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ಪಾಠ. ಏಪ್ರಿಲ್‌ನಲ್ಲಿ ತನ್ನ ಹಾದಿಯಲ್ಲಿ ಸಾಗುತ್ತಿದ್ದವನು ಜೂನ್‌ನಲ್ಲಿ ಹಿಂದುಳಿದವನಾಗುತ್ತಾನೆ. ಈ ಎರಡು ತಿಂಗಳಲ್ಲಿ ಬದಲಾದದ್ದು ಕಲಿಸುವ ಕ್ರಮ. ನಾಲ್ಕನೇ ತರಗತಿಯ ಶಿಕ್ಷಕರು ಮೂರನೆಯದರ ಶಿಕ್ಷಕರ ಬಳಿ ಒಂದು ಮಧ್ಯಾಹ್ನ ಕೂತು, ಯಾವ ಮಗು ಯಾವ ಮೆಟ್ಟಿಲಲ್ಲಿತ್ತು ಎಂದು ಕೇಳಿಕೊಂಡರೆ ಎಷ್ಟೋ ಮಕ್ಕಳು ಉಳಿಯುತ್ತಾರೆ.

ಈಗ ಬಿ.ಐ.ಇ.ಆರ್.ಟಿ.ಗಳ ವಿಷಯ. ಕೇಳುತ್ತಿರುವ ಪೋಷಕರಿಗಾಗಿ ಹೇಳುತ್ತೇನೆ: ಇವರು ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರು. ಬೆರಳೆಣಿಕೆಯ ಜನ, ಇಡೀ ತಾಲ್ಲೂಕಿನ ಶಾಲೆಗಳು. ವೈದ್ಯಕೀಯ ಶಿಬಿರ, ಅಂಗವೈಕಲ್ಯ ಗುರುತಿನ ಯು.ಡಿ.ಐ.ಡಿ. ಕಾರ್ಡ್, ಗಾಲಿಕುರ್ಚಿ ಹಂಚಿಕೆ, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ, ಎಲ್ಲವೂ ಅವರ ತಲೆಯ ಮೇಲಿದೆ. ವಿಶೇಷ ಶಿಕ್ಷಕರ ಬಗ್ಗೆ 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಪ್ರೌಢ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಅನುಪಾತ ಅದರಲ್ಲಿದೆ. ಆ ಅನುಪಾತ ಜಾರಿಯಾಗಲೇಬೇಕು, ಅದರಲ್ಲಿ ರಾಜಿ ಇಲ್ಲ. ಹುದ್ದೆ ತುಂಬದೆ ತರಗತಿ ಶಿಕ್ಷಕರ ತ್ಯಾಗದ ಮೇಲೆ ಸಮನ್ವಯ ಶಿಕ್ಷಣ ನಡೆಯಲಿ ಎನ್ನುವುದು ಅನ್ಯಾಯ. ಒಬ್ಬರೇ ಶಿಕ್ಷಕರು ಐದು ತರಗತಿ, ಬಿಸಿಯೂಟ, ಹಾಲು, ಮೊಟ್ಟೆ, ವಿದ್ಯಾರ್ಥಿಗಳ ಎಸ್.ಎ.ಟಿ.ಎಸ್. ದಾಖಲೆ ಎಲ್ಲ ನೋಡಿಕೊಳ್ಳುವ ಶಾಲೆಯಿಂದ ‘ನಮ್ಮಿಂದ ಹೇಗೆ ಸಾಧ್ಯ ಸರ್’ ಎಂಬ ಪ್ರಶ್ನೆ ಬಂದರೆ ಅದು ನೆಪವಲ್ಲ. ಇಲಾಖೆ ಉತ್ತರ ಕೊಡಬೇಕಾದ ಪ್ರಶ್ನೆ.

ಆದರೂ ಹುದ್ದೆ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ‘ಆ ಮಗು ಬಿ.ಐ.ಇ.ಆರ್.ಟಿ. ಅವರದು’ ಎಂಬ ಭಾವನೆ ಶಾಲೆಯಲ್ಲಿ ಬಂದುಬಿಟ್ಟರೆ, ಅವರು ತಿಂಗಳಿಗೊಮ್ಮೆ ಬಂದು ಮಗುವನ್ನು ಜಗಲಿಗೆ ಕರೆದುಕೊಂಡು ಹೋಗಿ ಒಂದು ಗಂಟೆ ಏನೋ ಮಾಡಿಸಿ ಹೋಗುತ್ತಾರೆ. ಉಳಿದ ದಿನ ಮಗು ಸುಮ್ಮನೆ ಕೂತಿರುತ್ತದೆ. ಆ ಒಂದು ಗಂಟೆಯನ್ನು ತರಗತಿಯ ಒಳಗೆ ಕಳೆಯುವಂತೆ ಅವರನ್ನು ಕೇಳಿಕೊಳ್ಳಿ. ನೀವು ಪಾಠ ಮಾಡಿ, ಅವರು ಹಿಂದೆ ಕೂತು ಆ ಮಗುವನ್ನಷ್ಟೇ ನೋಡಲಿ. ಎಲ್ಲಿ ಕೈಬಿಟ್ಟಿತು, ಎಲ್ಲಿ ಕಣ್ಣರಳಿತು ಎಂದು ಪಾಠ ಮಾಡುವವರಿಗೆ ಕಾಣುವುದಿಲ್ಲ, ನೋಡಲೆಂದೇ ಕೂತವರಿಗೆ ಕಾಣುತ್ತದೆ.

ಇನ್ನು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆ. ಹೆಸರೇ ಸಮಾಲೋಚನೆ. ಆದರೆ ಎಷ್ಟೋ ಕಡೆ ಅದು ಸುತ್ತೋಲೆ ಓದುವ, ಅಂಕಿಅಂಶ ಒಪ್ಪಿಸುವ ಸಭೆಯಾಗಿದೆ. ಅದರಲ್ಲಿ ಅರ್ಧ ಗಂಟೆ ನನಗೆ ಕೊಡಿ ಎಂದು ನಾನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿ.ಆರ್.ಪಿ.ಗಳನ್ನು ಕೇಳುತ್ತಿದ್ದೇನೆ. ಪ್ರತಿ ತಿಂಗಳೂ ಒಬ್ಬ ಶಿಕ್ಷಕರು ಒಂದು ಮಗುವಿನ ನೋಟ್‌ಬುಕ್ ತರಲಿ. ಹೆಸರು ಕಾಣದಂತೆ ಮುಚ್ಚಿ ಕೈಯಿಂದ ಕೈಗೆ ದಾಟಿಸಲಿ. ಮೊದಲ ಪ್ರಶ್ನೆ ಯಾವಾಗಲೂ ಈ ಮಗುವಿಗೆ ಏನು ಬರುತ್ತದೆ ಎಂಬುದಾಗಿರಲಿ. ಏನು ಬರುವುದಿಲ್ಲ ಎಂದು ಶುರು ಮಾಡಿದರೆ ಸಭೆ ದೂರು ಹೇಳುವುದರಲ್ಲೇ ಮುಗಿಯುತ್ತದೆ. ಆಮೇಲೆ, ಎಲ್ಲಿ ನಿಲ್ಲುತ್ತದೆ. ಕೊನೆಗೆ, ಮುಂದಿನ ಸಭೆಯೊಳಗೆ ಈ ಶಿಕ್ಷಕರು ಬದಲಿಸಬಹುದಾದ ಒಂದೇ ಒಂದು ಸಂಗತಿ ಯಾವುದು. ಕೂರುವ ಜಾಗವಾಗಿರಬಹುದು, ಪ್ರಶ್ನೆ ಕೇಳುವ ರೀತಿಯಾಗಿರಬಹುದು, ಬರೆಯುವ ಬದಲು ಬಾಯಲ್ಲಿ ಹೇಳಿಸುವುದಾಗಿರಬಹುದು, ಪೆನ್ಸಿಲ್‌ಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿತ ದಪ್ಪ ಮಾಡುವುದಾಗಿರಬಹುದು. ಮುಂದಿನ ತಿಂಗಳು ಅದೇ ಮಗುವಿನ ಅದೇ ನೋಟ್‌ಬುಕ್ ಮತ್ತೆ ಬರಲಿ. ನಮ್ಮಲ್ಲಿ ಸ್ವತಃ ಅಂಗವೈಕಲ್ಯವಿರುವ ಶಿಕ್ಷಕರಿದ್ದಾರೆ. ಅಂಥವರನ್ನು ನೇಮಿಸಿ ತರಬೇತಿ ಕೊಡಬೇಕೆಂದು 2016ರ ಕಾಯ್ದೆಯೇ ಹೇಳುತ್ತದೆ. ಈ ಸಭೆಯಲ್ಲಿ ಅವರ ಮಾತನ್ನು ಮೊದಲು ಕೇಳಿ. ತರಗತಿಯಲ್ಲಿ ಏನು ನೋಯಿಸುತ್ತದೆ, ಏನು ನೆರವಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಹೇಳಬಲ್ಲವರಿಲ್ಲ.

ಈಗ ತಾಯಂದಿರಿಗೊಂದು ಮಾತು. ಮಾತು ಬರದ ಮಗು ಹಸಿವನ್ನು ಹೇಗೆ ಹೇಳುತ್ತದೆ, ಯಾವ ಸದ್ದಿಗೆ ಬೆದರುತ್ತದೆ, ಏನು ಕೊಟ್ಟರೆ ಸಮಾಧಾನವಾಗುತ್ತದೆ ಎಂದು ನಿಮಗೆ ಗೊತ್ತು. ಶಾಲೆಗೆ ಸೇರಿಸುವ ದಿನವೇ ಅದನ್ನು ಮೇಡಂಗೆ ಹೇಳಿ. ಅವರು ಕೇಳದಿದ್ದರೂ ಹೇಳಿ. ಮಗು ಎಂಟನೇ ತರಗತಿಗೆ ಬಂದಾಗಲೇ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಸಿಗುವ ಹೆಚ್ಚುವರಿ ಸಮಯ, ಲಿಪಿಕಾರರ ನೆರವಿನ ಬಗ್ಗೆ ಮುಖ್ಯ ಶಿಕ್ಷಕರನ್ನು ವಿಚಾರಿಸಿ. ಪರೀಕ್ಷೆ ಹತ್ತಿರ ಬಂದ ಮೇಲೆ ಪ್ರಮಾಣಪತ್ರಕ್ಕಾಗಿ ಅಲೆದಾಡುವುದು ತಪ್ಪುತ್ತದೆ. ಮಗುವಿಗೂ ಬೇರೆಯವರಿಗೆ ಉತ್ತರ ಹೇಳಿ ಬರೆಸುವ ಅಭ್ಯಾಸಕ್ಕೆ ಸಮಯ ಸಿಗುತ್ತದೆ.

ಕೊನೆಗೆ ಇಲಾಖೆಗೆ ಎರಡು ಬೇಡಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಬೆಳವಣಿಗೆ ಬೇಕು ಎನ್ನುತ್ತದೆ, ಅದು ಶಿಕ್ಷಕರ ಆಸಕ್ತಿಯಂತೆ ಇರಬೇಕು ಎಂದೂ ಹೇಳುತ್ತದೆ. ಆ ಗಂಟೆಗಳಲ್ಲಿ ಎಷ್ಟೋ ಪಾಲು ಈಗ ಮೊಬೈಲಿನಲ್ಲಿ ದೀಕ್ಷಾ ಕೋರ್ಸುಗಳಿಗೆ ಹೋಗುತ್ತಿದೆ. ವಿಡಿಯೊ ನೋಡಿ ತಿಳಿಯಬೇಕಾದದ್ದು ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೋಟ್‌ಬುಕ್ ಓದುವ ಕಣ್ಣು ಒಬ್ಬರೇ ಕೂತು ವಿಡಿಯೊ ನೋಡಿದರೆ ಬರುವುದಿಲ್ಲ. ಆದ್ದರಿಂದ ಕ್ಲಸ್ಟರ್ ಸಭೆಯ ಆ ಅರ್ಧ ಗಂಟೆಯನ್ನು, ಬಿ.ಐ.ಇ.ಆರ್.ಟಿ. ಜೊತೆ ತರಗತಿಯಲ್ಲಿ ಕಳೆದ ಗಂಟೆಯನ್ನು 50 ಗಂಟೆಯ ಲೆಕ್ಕಕ್ಕೆ ಸೇರಿಸಿ. ಎರಡನೆಯದಾಗಿ, ಕ್ಲಸ್ಟರುಗಳಲ್ಲಿ ಚರ್ಚೆಯಾದ ನೋಟ್‌ಬುಕ್ಕುಗಳ ಪ್ರತಿ, ಶಿಕ್ಷಕರು ಮಾಡಿದ ಬದಲಾವಣೆ, ಅದರ ಫಲ, ಇವು ವರ್ಷದ ಕೊನೆಗೆ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್ ತಲುಪಲಿ. ಮುಂದಿನ ವರ್ಷದ ಸಮನ್ವಯ ಶಿಕ್ಷಣದ ಮಾಡ್ಯೂಲನ್ನು ಡಯಟ್ ಉಪನ್ಯಾಸಕರು ಆ ಪುಟಗಳನ್ನು ಮುಂದಿಟ್ಟುಕೊಂಡು ಬರೆಯಲಿ. ಡಿ.ಎಲ್.ಎಡ್. ಓದುತ್ತಿರುವ ನಾಳಿನ ಶಿಕ್ಷಕರಿಗೂ ಅದೇ ಪಾಠವಾಗಲಿ.